ಮುಳುಗಿದ ಹಡಗಿನ ಗಡಿಯಾರ: ಟೈಟಾನಿಕ್‌ನ ಕೊನೆಯ ರಾತ್ರಿಯನ್ನು ಸಾಕ್ಷಿಗಳ ಮಾತಿನಿಂದ ಜೋಡಿಸುವ ಬಗೆ

1912ರ ಏಪ್ರಿಲ್ 15ರಂದು, ಬೆಳಕು ಹರಿಯಲು ಇನ್ನೂ ಬಹಳ ಹೊತ್ತಿರುವಾಗ, ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ತೇಲುತ್ತಿದ್ದ 5ನೇ ನಂಬರಿನ ಲೈಫ್‌ಬೋಟಿನಲ್ಲಿ ಕುಳಿತಿದ್ದ ಹರ್ಬರ್ಟ್ ಪಿಟ್‌ಮನ್ ಜೇಬಿನಿಂದ ಗಡಿಯಾರ ತೆಗೆದು ನೋಡಿದರು. ಅವರು ಟೈಟಾನಿಕ್ ಹಡಗಿನ ಮೂರನೇ ಅಧಿಕಾರಿ. ಕಣ್ಣೆದುರಿಗೇ ಹಡಗು ನೀರಿನಲ್ಲಿ ಮರೆಯಾದ ಗಳಿಗೆ ಅದು. ಗಂಟೆ 2:20 ಎಂದು ಅವರು ಗಟ್ಟಿಯಾಗಿಯೇ ಹೇಳಿದರು, ದೋಣಿಯಲ್ಲಿದ್ದವರು ಕೇಳಿಸಿಕೊಂಡರು. ಟೈಟಾನಿಕ್ ಮುಳುಗಿದ ಸಮಯವೆಂದು ಇಂದಿಗೂ ನಾವು ಓದುವ ಅಂಕಿ ಇದೇ.

ಹಿಮಬಂಡೆಗೆ ಬಡಿದದ್ದು 14ರ ರಾತ್ರಿ 11:40ಕ್ಕೆ, ಮುಳುಗಿದ್ದು 2:20ಕ್ಕೆ, ನಡುವೆ 2 ಗಂಟೆ 40 ನಿಮಿಷ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಆ 160 ನಿಮಿಷಗಳ ಒಳಗೆ ಯಾವ ದೋಣಿ ಯಾವಾಗ ಇಳಿಯಿತು, ಅಪಾಯ ಸೂಚಿಸುವ ಮೊದಲ ಸಂಕೇತದ ಬಾಣ (ರಾಕೆಟ್) ಯಾವಾಗ ಹಾರಿತು, ಬಾಯ್ಲರ್ ಕೋಣೆಗಳಿಗೆ ನೀರು ಯಾವ ಕ್ರಮದಲ್ಲಿ ನುಗ್ಗಿತು ಎಂಬುದನ್ನು ಹೇಳುವ ಒಂದೇ ಒಂದು ಬರಹದ ದಾಖಲೆಯೂ ಹಡಗಿನಿಂದ ಹೊರಬರಲಿಲ್ಲ. ಲಾಗ್‌ಪುಸ್ತಕ ಹಡಗಿನೊಡನೆ ಹೋಯಿತು. ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್, ಡಿಕ್ಕಿಯ ಹೊತ್ತಿನಲ್ಲಿ ಹಡಗು ನಡೆಸುವ ಕಟ್ಟೆಯಾದ ಬ್ರಿಜ್‌ನ ಹೊಣೆ ಹೊತ್ತಿದ್ದ ಮೊದಲ ಅಧಿಕಾರಿ ವಿಲಿಯಂ ಮರ್ಡಾಕ್, ಹಡಗಿನ ವಿನ್ಯಾಸಕಾರ ಥಾಮಸ್ ಆಂಡ್ರ್ಯೂಸ್, ಮುಖ್ಯ ಎಂಜಿನಿಯರ್ ಜೋಸೆಫ್ ಬೆಲ್ ಯಾರೂ ಉಳಿಯಲಿಲ್ಲ. ಉಳಿದವರು ಏಳುನೂರಕ್ಕೆ ಸ್ವಲ್ಪ ಮೇಲ್ಪಟ್ಟ ಜನ, ಮತ್ತು ಅವರ ನೆನಪು.

ಈ ನೆನಪುಗಳು ನಮಗೆ ದಕ್ಕಿರುವುದು ಮುಖ್ಯವಾಗಿ ಎರಡು ವಿಚಾರಣೆಗಳ ಮೂಲಕ. ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆ ಸೆನೆಟರ್ ವಿಲಿಯಂ ಆಲ್ಡೆನ್ ಸ್ಮಿತ್ ಅವರ ಅಧ್ಯಕ್ಷತೆಯಲ್ಲಿ ಏಪ್ರಿಲ್ 19ರಂದೇ, ಬದುಕುಳಿದವರು ನ್ಯೂಯಾರ್ಕಿಗೆ ಬಂದಿಳಿದ ಮರುದಿನವೇ, ಆರಂಭವಾಗಿ 82 ಸಾಕ್ಷಿಗಳ ಹೇಳಿಕೆ ಪಡೆಯಿತು. ಲಂಡನ್ನಿನಲ್ಲಿ ಲಾರ್ಡ್ ಮರ್ಸಿ ನಡೆಸಿದ ಬ್ರಿಟಿಷ್ ವಿಚಾರಣೆ ಮೇ 2ರಿಂದ ಜುಲೈ 3ರವರೆಗೆ 36 ದಿನಗಳ ಕಲಾಪದಲ್ಲಿ 97 ಸಾಕ್ಷಿಗಳಿಗೆ 25,000ಕ್ಕೂ ಹೆಚ್ಚು ಪ್ರಶ್ನೆ ಕೇಳಿತು. ಪ್ರಶ್ನೋತ್ತರಗಳೆಲ್ಲ ಅಕ್ಷರಶಃ ದಾಖಲಾಗಿವೆ. ಸಾಮಗ್ರಿಗೆ ಬಡತನವಿಲ್ಲ. ಕಷ್ಟವಿರುವುದು ಅದನ್ನು ಒಂದೇ ದಾರದಲ್ಲಿ ಪೋಣಿಸುವುದರಲ್ಲಿ.

ಸಾಕ್ಷಿಯನ್ನು ನಿಲ್ಲಿಸಿ "ಎಷ್ಟು ಗಂಟೆಯಾಗಿತ್ತು?" ಎಂದು ಕೇಳುವುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ವಿಚಾರಣೆಯ ವಕೀಲರೂ ಪದೇ ಪದೇ ಅದನ್ನೇ ಕೇಳಿದರು. ನನಗೆ ತಿಳಿದಂತೆ ಅತ್ಯಂತ ಕಡಿಮೆ ಫಲ ಕೊಡುವ ಪ್ರಶ್ನೆಯೂ ಅದೇ. ಜೀವಭಯದಲ್ಲಿರುವವನಿಗೆ ಹತ್ತು ನಿಮಿಷ ಅರ್ಧ ಗಂಟೆಯಂತೆ ಕಾಣಬಹುದು, ಅರ್ಧ ಗಂಟೆ ಹತ್ತು ನಿಮಿಷದಂತೆಯೂ ಕಾಣಬಹುದು. ಅದಕ್ಕಿಂತ "ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು?" ಎಂಬ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ಗಟ್ಟಿ. ಹಳ್ಳಿಯಲ್ಲಿ ಜಾತಕ ಬರೆಸಲು ಹೊರಟವರು ಹುಟ್ಟಿದ ಗಳಿಗೆ ಕೇಳಿದಾಗ ಅಜ್ಜಿಯರು "ಬೆಳಗಿನ ಹಾಲು ಕರೆದಾಗಿತ್ತು, ದನ ಇನ್ನೂ ಹೊರಗೆ ಬಿಟ್ಟಿರಲಿಲ್ಲ" ಎನ್ನುತ್ತಿದ್ದರಲ್ಲ, ಆ ಬಗೆಯ ಉತ್ತರ. ಅದರಲ್ಲಿ ಗಂಟೆ ಇಲ್ಲ, ಆದರೆ ಎರಡು ಕಡೆಯ ಗಡಿ ಖಚಿತವಾಗಿದೆ. ಟೈಟಾನಿಕ್‌ನ ಕಾಲರೇಖೆಯಲ್ಲಿ ಕ್ರಮ ಮೊದಲು ನಿಲ್ಲುತ್ತದೆ, ಗಂಟೆ ಕೊನೆಗೆ ಬರುತ್ತದೆ.

ಗಂಟೆಯನ್ನು ಕೊನೆಗೆ ಇಡಲು ಇನ್ನೊಂದು ಕಾರಣವಿದೆ. ಆ ರಾತ್ರಿ "ಗಂಟೆ" ಎಂಬುದು ಒಂದೇ ಆಗಿರಲಿಲ್ಲ. ಪಶ್ಚಿಮಕ್ಕೆ ಸಾಗುವ ಹಡಗು ಸೂರ್ಯನ ಹಿಂದೆ ಓಡುತ್ತಿರುತ್ತದೆ, ಆದ್ದರಿಂದ ಅದರ ಗಡಿಯಾರಗಳನ್ನು ಪ್ರತಿ ರಾತ್ರಿ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಏಪ್ರಿಲ್ 14ರ ಮಧ್ಯಾಹ್ನ ಟೈಟಾನಿಕ್ ಇದ್ದದ್ದು ಸುಮಾರು 44.5 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ, ನ್ಯೂಯಾರ್ಕಿನ ಸಮಯ ಲೆಕ್ಕ ಹಾಕುವುದು 75 ಡಿಗ್ರಿಯಿಂದ. ವ್ಯತ್ಯಾಸ 30.5 ಡಿಗ್ರಿ, ನಾಲ್ಕರಿಂದ ಗುಣಿಸಿದರೆ 122 ನಿಮಿಷ. ಅಂದರೆ ಹಡಗಿನ ಗಡಿಯಾರ ನ್ಯೂಯಾರ್ಕಿಗಿಂತ 2 ಗಂಟೆ 2 ನಿಮಿಷ ಮುಂದಿತ್ತು ಎಂಬುದು ಇತ್ತೀಚಿನ ಸಂಶೋಧಕರಲ್ಲಿ ಹಲವರು ಒಪ್ಪುವ ಲೆಕ್ಕ. ಅಮೆರಿಕದ ವಿಚಾರಣೆ ಈ ಅಂತರವನ್ನು 1 ಗಂಟೆ 33 ನಿಮಿಷ ಎಂದು ಹಿಡಿಯಿತು, ಬ್ರಿಟಿಷ್ ವಿಚಾರಣೆ 1 ಗಂಟೆ 50 ನಿಮಿಷ ಎಂದಿತು.

ಇದರಿಂದ ಏನು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಟೈಟಾನಿಕ್‌ನ ಮೊದಲ ವೈರ್‌ಲೆಸ್ ಅಪಾಯ ಸಂದೇಶವನ್ನು ನ್ಯೂಫೌಂಡ್‌ಲ್ಯಾಂಡಿನ ಕೇಪ್ ರೇಸ್ ಕೇಂದ್ರವೂ ಇತರ ಹಡಗುಗಳೂ ಕೇಳಿಸಿಕೊಂಡದ್ದು ನ್ಯೂಯಾರ್ಕ್ ಸಮಯ ರಾತ್ರಿ 10:25ಕ್ಕೆ. ಇದು ಸ್ಥಳದಲ್ಲೇ ಬರೆದಿಟ್ಟ ದಾಖಲೆ, ಯಾರ ನೆನಪಿನದೂ ಅಲ್ಲ. ಇದನ್ನು ಹಡಗಿನ ಸಮಯಕ್ಕೆ ತಿರುಗಿಸಿದರೆ ಅಮೆರಿಕದ ಲೆಕ್ಕದಲ್ಲಿ 11:58, ಬ್ರಿಟಿಷ್ ಲೆಕ್ಕದಲ್ಲಿ 12:15, ಈಗಿನ ಲೆಕ್ಕದಲ್ಲಿ 12:27. ಡಿಕ್ಕಿಯಾದ ಹದಿನೆಂಟೇ ನಿಮಿಷಕ್ಕೆ ಕ್ಯಾಪ್ಟನ್ ನೆರವಿಗಾಗಿ ಕೂಗಿದರೋ, ಮುಕ್ಕಾಲು ಗಂಟೆ ತಡೆದರೋ? ಒಬ್ಬ ಮನುಷ್ಯನ ನಡತೆಯ ಬಗ್ಗೆ ತೀರ್ಪು ಕೊಡುವ ಪ್ರಶ್ನೆಯಿದು, ಮತ್ತು ಅದರ ಉತ್ತರ ಒಂದು ಕಳೆಯುವ ಲೆಕ್ಕದ ಮೇಲೆ ನಿಂತಿದೆ. ಈಗಿನ ಲೆಕ್ಕವೂ ಎಲ್ಲ ಕಡೆ ಹೊಂದುವುದಿಲ್ಲ ಎನ್ನುವುದನ್ನು ಹೇಳಲೇಬೇಕು. ವರ್ಜಿನಿಯನ್ ಎಂಬ ಹಡಗು ಟೈಟಾನಿಕ್‌ನ ಅಸ್ಪಷ್ಟ ಸಂಕೇತವೊಂದು ಥಟ್ಟನೆ ನಿಂತುಹೋದದ್ದನ್ನು ದಾಖಲಿಸಿದ್ದು ನ್ಯೂಯಾರ್ಕ್ ಸಮಯ 12:27ಕ್ಕೆ. ಬ್ರಿಟಿಷ್ ಲೆಕ್ಕದಲ್ಲಿ ಅದು 2:17, ಹಡಗು ಮುಳುಗುವ ಮೂರು ನಿಮಿಷ ಮೊದಲು, ಚೆನ್ನಾಗಿ ಕೂರುತ್ತದೆ. ಹೊಸ ಲೆಕ್ಕದಲ್ಲಿ 2:29, ಅಂದರೆ ಹಡಗು ಮುಳುಗಿದ ಮೇಲೆ. ಹಾಗಾಗಿ ವರ್ಜಿನಿಯನ್‌ನ ದಾಖಲೆಯಲ್ಲೇ ತಪ್ಪಿದೆಯೆಂದೋ, ಕೇಳಿಸಿದ್ದು ಟೈಟಾನಿಕ್ ಅಲ್ಲವೆಂದೋ ವಾದಿಸಬೇಕಾಗುತ್ತದೆ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲಾಗುವ ಹಗ್ಗದ ಮಂಚದಂತೆ ಈ ಕೆಲಸ.

ಇಷ್ಟೇ ಅಲ್ಲ. ಆ ರಾತ್ರಿ ಹಡಗಿನ ಗಡಿಯಾರವನ್ನು ಒಟ್ಟು 47 ನಿಮಿಷ ಹಿಂದಕ್ಕೆ ತಿರುಗಿಸಬೇಕಿತ್ತು, ಒಂದು ಪಾಳಿಯಲ್ಲಿ 23 ನಿಮಿಷ, ಮತ್ತೊಂದರಲ್ಲಿ 24. ಇದನ್ನು ಹೇಳಿದವರು ಡಿಕ್ಕಿಯ ಹೊತ್ತಿನಲ್ಲಿ ಚುಕ್ಕಾಣಿ ಹಿಡಿದಿದ್ದ ರಾಬರ್ಟ್ ಹಿಚೆನ್ಸ್. ಹಡಗಿನ ಗಡಿಯಾರಗಳನ್ನು ತಿರುಗಿಸಲಿಲ್ಲವೆಂದೂ ಆಗ ಬೇರೆ ಯೋಚನೆಗಳಿದ್ದವೆಂದೂ ಪಿಟ್‌ಮನ್ ಹೇಳಿದ್ದಾರೆ. ಆದರೆ ತಮ್ಮ ಜೇಬಿನ ಗಡಿಯಾರವನ್ನು ಮಲಗುವ ಮುನ್ನವೇ ತಿರುಗಿಸಿಕೊಂಡವರು ಇದ್ದಿರಬಹುದು. ಆದ್ದರಿಂದ ಸಾಕ್ಷಿಯೊಬ್ಬರು "ನಾನು ಗಡಿಯಾರ ನೋಡಿದೆ" ಎಂದೊಡನೆ ಕಾಲರೇಖೆ ಕಟ್ಟುವವರು ಕೇಳಿಕೊಳ್ಳಬೇಕಾದ್ದು ಯಾವ ಗಡಿಯಾರ, ಅದನ್ನು ತಿರುಗಿಸಿತ್ತೇ, ಇಲ್ಲವೇ ಎಂದು.

ಇದು ಹೇಗೆ ಕೆಲಸ ಮಾಡುತ್ತದೆಂದು ಹತ್ತಿರದಿಂದ ನೋಡಲು ಕ್ವಾರ್ಟರ್‌ಮಾಸ್ಟರ್ (ಚುಕ್ಕಾಣಿ, ಕಾವಲು ನೋಡಿಕೊಳ್ಳುವ ನಾವಿಕ) ಜಾರ್ಜ್ ರೋ ಅವರ ಸಾಕ್ಷ್ಯದಷ್ಟು ಒಳ್ಳೆಯ ಉದಾಹರಣೆ ಬೇರೆಯಿಲ್ಲ. ರೋ ಆ ರಾತ್ರಿ ಹಡಗಿನ ತೀರಾ ಹಿಂಬದಿಯ ಅಟ್ಟಣೆಯಲ್ಲಿ ಒಬ್ಬರೇ ಕಾವಲಿದ್ದರು. ಹಿಮಬಂಡೆ ಪಕ್ಕದಲ್ಲೇ ಹಾದುಹೋದದ್ದನ್ನು ಕಂಡು ಗಡಿಯಾರ ನೋಡಿದರು, 11:40. ಆಮೇಲೆ ಅವರಿಗೆ ಯಾರೂ ಏನೂ ಹೇಳಲಿಲ್ಲ, ಅವರು ಅಲ್ಲೇ ಆದೇಶಕ್ಕೆ ಕಾಯುತ್ತ ನಿಂತರು. 12:25ಕ್ಕೆ ಹಡಗಿನ ಬಲಬದಿಯ ನೀರಿನಲ್ಲಿ ಒಂದು ಲೈಫ್‌ಬೋಟು ಕಂಡಿತು. ಬೆರಗಾಗಿ ಬ್ರಿಜ್‌ಗೆ ಫೋನ್ ಮಾಡಿ, ದೋಣಿಯೊಂದು ನೀರಿಗಿಳಿದಿರುವುದು ನಿಮಗೆ ಗೊತ್ತೇ ಎಂದು ಕೇಳಿದರು. ಸಂಕೇತದ ಬಾಣಗಳನ್ನು ತೆಗೆದುಕೊಂಡು ಬಾ ಎಂಬ ಆದೇಶ ಬಂತು.

ಇತ್ತ ಬ್ರಿಜ್‌ನಲ್ಲಿದ್ದ ನಾಲ್ಕನೇ ಅಧಿಕಾರಿ ಜೋಸೆಫ್ ಬಾಕ್ಸ್‌ಹಾಲ್ ತಮ್ಮ ಸಾಕ್ಷ್ಯದಲ್ಲಿ ಅದೇ ಫೋನಿನ ಇನ್ನೊಂದು ತುದಿಯನ್ನು ವಿವರಿಸಿದ್ದಾರೆ. ಬಾಣವೊಂದನ್ನು ಹಾರಿಸಿ, ಅದನ್ನು ಸಿಡಿಸುವ ದಾರವನ್ನು ಚುಕ್ಕಾಣಿ ಕೋಣೆಯೊಳಗೆ ಇಡುತ್ತಿದ್ದಾಗ ಫೋನ್ ಬಡಿದುಕೊಂಡಿತು, ಬಲಬದಿಯ ದೋಣಿಯೊಂದು ಹೊರಟುಹೋಗಿದೆ ಎಂದು ಯಾರೋ ಹೇಳಿದರು, ತಮಗೆ ಅಚ್ಚರಿಯಾಯಿತು ಎಂದಿದ್ದಾರೆ. ಒಂದೇ ಕರೆಯ ಎರಡು ತುದಿಗಳಲ್ಲಿ ಇಬ್ಬರು ಸಾಕ್ಷಿಗಳು. ಗಡಿಯಾರದ ಹಂಗೇ ಇಲ್ಲದೆ ಇಲ್ಲಿ ಮೂರು ಘಟನೆಗಳು ಒಂದಕ್ಕೊಂದು ಹೊಲಿದುಕೊಳ್ಳುತ್ತವೆ. ಬಲಬದಿಯಲ್ಲಿ ಮೊದಲ ದೋಣಿ ಇಳಿದಿತ್ತು, ಅಷ್ಟರಲ್ಲಿ ಬಾಣ ಹಾರಿಸುವುದು ಶುರುವಾಗಿತ್ತು, ಮತ್ತು ಅದುವರೆಗೆ ಹಡಗಿನ ಹಿಂಬದಿಗೆ ಯಾವ ಸುದ್ದಿಯೂ ಮುಟ್ಟಿರಲಿಲ್ಲ.

ಇನ್ನು ಗಂಟೆಗೆ ಬರೋಣ. ಮೊದಲು ಇಳಿದದ್ದು 7ನೇ ನಂಬರಿನ ದೋಣಿ, ಬ್ರಿಟಿಷ್ ವಿಚಾರಣೆ ಅದಕ್ಕೆ ಕೊಟ್ಟ ಸಮಯ 12:45. ರೋ ಹೇಳುವುದು 12:25. ಇಪ್ಪತ್ತು ನಿಮಿಷದ ಈ ಅಂತರವನ್ನು ರೋ ಅವರ ತಪ್ಪು ಎಂದು ತಳ್ಳಿಹಾಕಬಹುದು. ಆದರೆ ಅವರ ಗಡಿಯಾರ ಅಷ್ಟರಲ್ಲಿ 23 ನಿಮಿಷ ಹಿಂದಕ್ಕೆ ತಿರುಗಿತ್ತು ಎಂದು ಊಹಿಸಿದರೆ 12:25 ಎಂಬುದು ಹಳೆಯ ಸಮಯದಲ್ಲಿ 12:48 ಆಗುತ್ತದೆ, ದೋಣಿ ಇಳಿದು ಹಿಂಬದಿಯವರೆಗೆ ತೇಲಿಬರಲು ಬೇಕಾದಷ್ಟೇ ಹೊತ್ತು. ಇದಕ್ಕೆ ನೇರ ಪುರಾವೆಯಿಲ್ಲ, ಇದು ಹೊಂದಿಕೆಯ ವಾದ ಮಾತ್ರ. ಆದರೂ ಸಾಕ್ಷಿಯನ್ನು ಸುಳ್ಳಾಗಿಸದೆ ಗಂಟು ಬಿಡಿಸುವ ವಾದ ನನಗೆ ಯಾವಾಗಲೂ ಹೆಚ್ಚು ಒಪ್ಪಿಗೆಯಾಗುತ್ತದೆ.

ಗಡಿಯಾರವಿಲ್ಲದ ಕಡೆ ಹಡಗೇ ಗಡಿಯಾರವಾಗುತ್ತದೆ. ಡಿಕ್ಕಿಯಾದ ಸ್ವಲ್ಪ ಹೊತ್ತಿಗೆ ಹಡಗು ಬಲಕ್ಕೆ ಸುಮಾರು ಐದು ಡಿಗ್ರಿ ವಾಲಿದ್ದನ್ನು ಹಿಚೆನ್ಸ್ ಅಳತೆಯ ಉಪಕರಣದಲ್ಲಿ ನೋಡಿದ್ದರು. ಕೊನೆಯ ಹೊತ್ತಿಗೆ ಹಡಗು ಎಡಕ್ಕೆ ವಾಲಿತ್ತು. ಯಾವ ಸಾಕ್ಷಿ ಯಾವ ಕಡೆಯ ವಾಲನ್ನು ವಿವರಿಸುತ್ತಾರೆ ಎಂಬುದರಿಂದ ಅವರು ಮಾತನಾಡುತ್ತಿರುವ ಹೊತ್ತು ಮೊದಲಿನದೋ ಕೊನೆಯದೋ ಎಂದು ತಿಳಿಯುತ್ತದೆ. ಎಡಬದಿಯ 10ನೇ ನಂಬರಿನ ದೋಣಿ ಇಳಿದದ್ದು 1:10ಕ್ಕೆ ಎಂದು ಬ್ರಿಟಿಷ್ ವಿಚಾರಣೆಯ ಪಟ್ಟಿ ಹೇಳುತ್ತದೆ. ಆದರೆ ಆ ದೋಣಿಯ ಸಾಕ್ಷಿಗಳು ಹೇಳಿದ್ದೇನು? ಹಡಗು ಎಡಕ್ಕೆ ವಾಲಿದ್ದರಿಂದ ತೂಗಾಡುವ ದೋಣಿಗೂ ಹಡಗಿನ ಅಂಚಿಗೂ ನಡುವೆ ದೊಡ್ಡ ಸಂದು ಬಿದ್ದಿತ್ತು, ಜನರನ್ನು ಆ ಸಂದು ದಾಟಿಸಬೇಕಿತ್ತು, ಒಬ್ಬ ಹೆಂಗಸು ಕಾಲುಜಾರಿ ಅದರೊಳಗೆ ಬಿದ್ದಾಗ ಕೆಳಗಿನ ಅಂತಸ್ತಿನಲ್ಲಿದ್ದವರು ಹಿಡಿದೆಳೆದು ಉಳಿಸಿದರು. ಅಷ್ಟು ವಾಲು 1:10ರ ಹೊತ್ತಿನದಲ್ಲ. ಹೀಗಾಗಿ ಇಂದಿನ ಸಂಶೋಧಕರು ಈ ದೋಣಿಯನ್ನು ಸುಮಾರು 1:50ಕ್ಕೆ ಸರಿಸಿದ್ದಾರೆ. ಬಲಬದಿಯ ಕೊನೆಯ ದೋಣಿಗಳಲ್ಲಿ ಒಂದರಲ್ಲಿ ಹೊರಟ ರೋ ಅವರ ಮಾತು ಇದೇ ಕಥೆಯ ಇನ್ನೊಂದು ಮಗ್ಗುಲು. ಅವರ ದೋಣಿ ಇಳಿಯುವಾಗ ಹಡಗಿನ ಮೈಯ ರಿವೆಟ್‌ಗಳಿಗೆ ಉದ್ದಕ್ಕೂ ಉಜ್ಜುತ್ತಿತ್ತು. ಎಡಕ್ಕೆ ವಾಲಿದ ಹಡಗಿನಲ್ಲಿ ಎಡಬದಿಯ ದೋಣಿ ದೂರ ತೂಗುತ್ತದೆ, ಬಲಬದಿಯದು ಮೈಗೆ ಉಜ್ಜುತ್ತದೆ. ಇಬ್ಬರೂ ಪರಸ್ಪರ ಮಾತನಾಡಿಕೊಂಡು ಹೇಳಬಹುದಾದ ಸಂಗತಿಯಲ್ಲ ಇದು, ಅದಕ್ಕೇ ಇದಕ್ಕೆ ಬೆಲೆ.

ಹೀಗೆ ಒಂದು ಜಾಗದ ಘಟನೆಯನ್ನು ಇನ್ನೊಂದು ಜಾಗಕ್ಕೆ ಕಟ್ಟಿಕೊಡುವ ಸಾಕ್ಷಿಗಳು ಚಿನ್ನದಂಥವರು. ಬೆಂಕಿ ಕೆಲಸದ ಮುಖ್ಯಾಳು ಫ್ರೆಡರಿಕ್ ಬ್ಯಾರೆಟ್ ಅಂಥವರು. ಡಿಕ್ಕಿಯಾದಾಗ ಅವರಿದ್ದದ್ದು 6ನೇ ಬಾಯ್ಲರ್ ಕೋಣೆಯಲ್ಲಿ. ಹಡಗಿನ ಪಕ್ಕೆ ಬಿರಿದು ನೀರು ಚಿಮ್ಮಿದೊಡನೆ ಪಕ್ಕದ 5ನೇ ಕೋಣೆಗೆ ಹಾರಿ ತಪ್ಪಿಸಿಕೊಂಡರು. ಅಲ್ಲಿ ಎಂಜಿನಿಯರುಗಳೊಡನೆ ದುಡಿಯುತ್ತಿದ್ದಾಗ ಬಾಯ್ಲರುಗಳ ನಡುವಿನ ಹಾದಿಯಿಂದ ನೀರು ನೊರೆಯೆದ್ದು ನುಗ್ಗಿತು, ಅವರು ಏಣಿ ಹತ್ತಿ ಮೇಲೆ ಬಂದು 13ನೇ ದೋಣಿ ಸೇರಿದರು. ಕೆಳಗೆ ನಡೆದದ್ದಕ್ಕೂ ಮೇಲೆ ನಡೆದದ್ದಕ್ಕೂ ನಡುವಣ ಸೇತುವೆ ಈ ಒಬ್ಬ ಮನುಷ್ಯ. 5ನೇ ಕೋಣೆಗೆ ನೀರು ನುಗ್ಗಿದ್ದು 13ನೇ ದೋಣಿ ಇಳಿಯುವ ಮೊದಲು ಎಂಬುದು ಇದರಿಂದ ಗಟ್ಟಿಯಾಯಿತು. ಆ ದೋಣಿ ನೀರು ಮುಟ್ಟಿದ ಮೇಲೆ ಹಡಗಿನ ಪಕ್ಕೆಯಿಂದ ಧುಮುಕುತ್ತಿದ್ದ ನೀರಿನ ರಭಸಕ್ಕೆ ಹಿಂದಕ್ಕೆ ಸರಿದು, ಅದೇ ತಾನೆ ಇಳಿಯುತ್ತಿದ್ದ 15ನೇ ದೋಣಿಯ ನೇರ ಕೆಳಗೆ ಬಂದುಬಿಟ್ಟಿತು. ಕೆಳಗಿನವರು ಕೂಗಿಕೊಂಡರು, ಹಗ್ಗ ಕತ್ತರಿಸಿ ಕೂದಲೆಳೆಯಲ್ಲಿ ಪಾರಾದರು. ಎರಡನೇ ದರ್ಜೆಯ ಪ್ರಯಾಣಿಕರಾಗಿದ್ದ ವಿಜ್ಞಾನದ ಮೇಷ್ಟ್ರು ಲಾರೆನ್ಸ್ ಬೀಸ್ಲಿ ಕೂಡ ಅದೇ ದೋಣಿಯಲ್ಲಿದ್ದು ಇದನ್ನೇ ಹೇಳಿದ್ದಾರೆ. 13 ಮತ್ತು 15ರ ನಡುವೆ ಒಂದೆರಡು ನಿಮಿಷವಷ್ಟೇ ಎಂದು ಸಾಬೀತುಪಡಿಸಲು ಇನ್ನು ಗಡಿಯಾರ ಯಾಕೆ ಬೇಕು?

ಎಲ್ಲ ಗಂಟುಗಳೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ಡಿಕ್ಕಿಗೆ ಮುನ್ನ ಮರ್ಡಾಕ್ ಎಂಜಿನ್‌ಗಳಿಗೆ ಕೊಟ್ಟ ಆದೇಶವೇನು? ಪೂರ್ಣ ವೇಗದಲ್ಲಿ ಹಿಂದಕ್ಕೆ ಎಂದು ಮರ್ಡಾಕ್ ಕ್ಯಾಪ್ಟನ್‌ಗೆ ಹೇಳಿದ್ದನ್ನು ಬಾಕ್ಸ್‌ಹಾಲ್ ಕೇಳಿಸಿಕೊಂಡರು. ಬಾಯ್ಲರ್ ಕೋಣೆಯಲ್ಲಿದ್ದ ಬ್ಯಾರೆಟ್ ಕಂಡದ್ದು "ನಿಲ್ಲಿಸಿ" ಎಂಬ ಕೆಂಪು ದೀಪ. ಎಂಜಿನ್ ಕೋಣೆಯಲ್ಲಿ ಬದುಕಿ ಬಂದವರ ಹೇಳಿಕೆಗಳೂ "ನಿಲ್ಲಿಸಿ" ಎಂಬ ಆದೇಶದ ಕಡೆಗೇ ವಾಲುತ್ತವೆ. ಬಂಡೆ ಕಂಡ ಗಳಿಗೆಯಿಂದ ಡಿಕ್ಕಿಯವರೆಗೆ 37 ಸೆಕೆಂಡು ಎಂಬ ಪ್ರಸಿದ್ಧ ಅಂಕಿಯೂ ಯಾವ ಸಾಕ್ಷಿಯದೂ ಅಲ್ಲ. ಟೈಟಾನಿಕ್‌ನ ಜೋಡಿ ಹಡಗಾದ ಒಲಿಂಪಿಕ್ ಅನ್ನು ಆಮೇಲೆ ಓಡಿಸಿ ನೋಡಿದಾಗ ಅಷ್ಟು ತಿರುವಿಗೆ ಹಿಡಿದ ಹೊತ್ತು ಅದು. ಅಣಕು ಪ್ರಯೋಗದ ಅಂಕಿ ಕ್ರಮೇಣ ಕಣ್ಣಾರೆ ಕಂಡ ಸಂಗತಿಯ ವೇಷ ತೊಟ್ಟಿತು.

ಸಾಕ್ಷಿಗಳ ತೂಕ ಹೇಗೆ ಅಳೆಯಬೇಕೆಂಬುದಕ್ಕೆ ಹಡಗು ಎರಡು ತುಂಡಾಯಿತೇ ಎಂಬ ವಿವಾದ ಒಂದು ಪಾಠದಂತಿದೆ. ಬದುಕುಳಿದ ಅಧಿಕಾರಿಗಳಲ್ಲಿ ಹಿರಿಯರಾದ ಚಾರ್ಲ್ಸ್ ಲೈಟೋಲರ್ ಹಡಗು ಇಡಿಯಾಗಿಯೇ ಮುಳುಗಿತು ಎಂದು ಖಂಡಿತವಾಗಿ ಹೇಳಿದರು. ಪಿಟ್‌ಮನ್ನರೂ ಹಾಗೆಯೇ ಹೇಳಿದರು. ನಾವಿಕರೂ ಪ್ರಯಾಣಿಕರೂ ಸೇರಿ ಹಲವರು ಹಡಗು ಮುರಿದದ್ದನ್ನು ಕಂಡೆವು ಎಂದರು. ಎರಡೂ ವಿಚಾರಣೆಗಳು ಅಧಿಕಾರಿಗಳ ಮಾತನ್ನೇ ಎತ್ತಿಹಿಡಿದವು. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬ್ಯಾಲಾರ್ಡ್ ಮತ್ತು ಜಾನ್-ಲೂಯಿ ಮಿಶೆಲ್ ಅವರ ತಂಡ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಪತ್ತೆಹಚ್ಚಿದಾಗ ಮುಂಭಾಗ ಮತ್ತು ಹಿಂಭಾಗ ಒಂದಕ್ಕೊಂದು ಸುಮಾರು 600 ಮೀಟರ್ ದೂರದಲ್ಲಿ ಬೇರೆ ಬೇರೆಯಾಗಿ ಬಿದ್ದಿದ್ದವು. ಎಪ್ಪತ್ತಮೂರು ವರ್ಷ ಜನಸಾಮಾನ್ಯರ ಮಾತಿಗಿಂತ ಪದವಿಯ ಮಾತಿಗೆ ಹೆಚ್ಚು ತೂಕ ಸಿಕ್ಕಿತ್ತು. ಹಾಗೆಂದು ಮುರಿಯಿತು ಎಂದವರ ಎಲ್ಲ ವಿವರವೂ ಸರಿಯಲ್ಲ. 17 ವರ್ಷದ ಜ್ಯಾಕ್ ಥೇಯರ್ ಹೇಳಿದ್ದನ್ನು ಆಧರಿಸಿ ನೆರವಿಗೆ ಬಂದ ಕಾರ್ಪೇಥಿಯಾ ಹಡಗಿನ ಪ್ರಯಾಣಿಕರೊಬ್ಬರು ಬರೆದ ಚಿತ್ರಗಳಲ್ಲಿ ಮುರಿತ ಸರಿಯಾಗಿದೆ, ಮುಳುಗಿದ ಮೂತಿ ಮತ್ತೆ ನೀರಿನ ಮೇಲೆ ಎದ್ದುಬಂದಂತೆ ಇರುವುದು ಮಾತ್ರ ತಪ್ಪು. ಒಬ್ಬ ಸಾಕ್ಷಿಯನ್ನು ಪೂರ್ತಿ ಒಪ್ಪುವುದೂ ಪೂರ್ತಿ ಬಿಡುವುದೂ ಇಲ್ಲಿ ನಡೆಯುವ ಮಾತಲ್ಲ. ಒಂದೊಂದು ವಾಕ್ಯವನ್ನೂ ಬೇರೆ ಬೇರೆಯಾಗಿ ತೂಗಬೇಕು. ಆ ಹೊತ್ತಿಗೆ ದೀಪಗಳು ಆರಿದ್ದವು, ಆಕಾಶದಲ್ಲಿ ಚಂದ್ರನಿರಲಿಲ್ಲ, ಲೈಟೋಲರ್ ಕೊರೆಯುವ ನೀರಿನಲ್ಲಿ ಜೀವಕ್ಕಾಗಿ ಹೆಣಗಿದ್ದರು. ಯಾರು ಎಲ್ಲಿಂದ ನೋಡಿದರು ಎಂಬುದೂ ಸಾಕ್ಷ್ಯದ ಭಾಗವೇ.

ಸಮುದ್ರದ ತಳದ ಅವಶೇಷ ಇನ್ನೊಂದು ತಪ್ಪನ್ನೂ ಬಯಲು ಮಾಡಿತು. ಬಾಕ್ಸ್‌ಹಾಲ್ ಲೆಕ್ಕ ಹಾಕಿ ವೈರ್‌ಲೆಸ್‌ನಲ್ಲಿ ಕಳುಹಿಸಿದ ಸ್ಥಾನಕ್ಕೂ ಹಡಗು ಬಿದ್ದಿರುವ ಜಾಗಕ್ಕೂ ಸುಮಾರು 13 ನಾಟಿಕಲ್ ಮೈಲಿ ಅಂತರವಿದೆ. ಕಾರ್ಪೇಥಿಯಾದ ಕ್ಯಾಪ್ಟನ್ ಆರ್ಥರ್ ರಾಸ್ಟ್ರನ್ ಆ ತಪ್ಪು ಸ್ಥಾನವನ್ನು ನಂಬಿ 58 ನಾಟಿಕಲ್ ಮೈಲಿ ದೂರವೆಂದು ಲೆಕ್ಕ ಹಾಕಿ, ಮೂರೂವರೆ ಗಂಟೆಯೊಳಗೇ ಬಂದು, ತಮ್ಮ ಹಡಗು 17.5 ನಾಟ್ ವೇಗದಲ್ಲಿ ಓಡಿತು ಎಂದು ನಂಬಿದರು. ದೋಣಿಗಳು ಸಿಕ್ಕಿದ್ದು ಅವರ ದಾರಿಯಲ್ಲೇ, ಅವರೆಣಿಸಿದ್ದಕ್ಕಿಂತ ಮೊದಲೇ. ಓಡಿದ ದೂರ ಕಡಿಮೆಯಾದರೆ ವೇಗವೂ ಕಡಿಮೆಯೇ. ಒಬ್ಬರ ತಪ್ಪು ಲೆಕ್ಕ ಇನ್ನೊಬ್ಬರ ಪ್ರಾಮಾಣಿಕ ಸಾಕ್ಷ್ಯದೊಳಗೆ ಹೀಗೆ ಸದ್ದಿಲ್ಲದೆ ಕೂತುಬಿಡುತ್ತದೆ.

ಕೊನೆಗೆ, ಯಾರನ್ನು ಕೇಳಲಾಯಿತು ಎಂಬ ಮಾತು. ಬ್ರಿಟಿಷ್ ವಿಚಾರಣೆಯಲ್ಲಿ ಹಡಗಿನ ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇ ಅವರನ್ನು ಬಿಟ್ಟರೆ ಪ್ರಯಾಣಿಕರಲ್ಲಿ ಸಾಕ್ಷಿ ನುಡಿದವರು ಮೊದಲ ದರ್ಜೆಯ ಡಫ್ ಗಾರ್ಡನ್ ದಂಪತಿ ಮಾತ್ರ. ಮೂರನೇ ದರ್ಜೆಯವರು ಒಬ್ಬರೂ ಇಲ್ಲ. ಅಮೆರಿಕದಲ್ಲಿ ಬೆರಳೆಣಿಕೆಯಷ್ಟು ಜನ. ಹಾಗಾಗಿ ಇಂದು ನಮ್ಮ ಮುಂದಿರುವ ಕಾಲರೇಖೆ ದೋಣಿಗಳಿದ್ದ ಮೇಲಿನ ಅಂತಸ್ತಿನಲ್ಲಿ ಕಿಕ್ಕಿರಿದಿದೆ, ಕೆಳಗೆ ಇಳಿದಂತೆ ತೆಳುವಾಗುತ್ತದೆ. ಸೆನೆಟ್ ಸಮಿತಿಯ ಮುಂದೆ ನಿಂತ ಐರಿಷ್ ತರುಣ ಡೇನಿಯಲ್ ಬಕ್ಲಿ, ಹಾಸಿಗೆಯಿಂದ ನೆಲಕ್ಕೆ ಇಳಿದಾಗ ಕಾಲು ಒದ್ದೆಯಾದದ್ದನ್ನೂ, ಮೇಲಿನ ದರ್ಜೆಯ ಕಡೆಗೆ ಹೋಗುವ ಗೇಟಿಗೆ ಬೀಗ ಹಾಕಿದ್ದನ್ನೂ, ಸಿಟ್ಟಿಗೆದ್ದ ಪ್ರಯಾಣಿಕನೊಬ್ಬ ಅದನ್ನು ಮುರಿದದ್ದನ್ನೂ ಹೇಳಿದರು. ಕೋಣೆಗೆ ನೀರು ಬಂದ ಮೇಲೆ, ಬಕ್ಲಿ ದೋಣಿ ಹತ್ತುವ ಮೊದಲು ಎಂಬ ಎರಡು ಗೂಟಗಳ ನಡುವೆ ಆ ಗೇಟು ನಿಂತಿದೆ. ಅದು ಮುರಿದಾಗ ಎಷ್ಟು ಗಂಟೆಯಾಗಿತ್ತೆಂದು ನೋಡಲು ಅಲ್ಲಿ ಯಾವ ಅಧಿಕಾರಿಯೂ ಗಡಿಯಾರ ಹಿಡಿದು ನಿಂತಿರಲಿಲ್ಲ.